ಪೈಥಾನ್‌ಗೆ ಸಿ ಎಕ್ಸ್‌ಟೆನ್ಷನ್: ವಿಂಡೋಸ್‌ನಲ್ಲೂ ಜಿಸಿಸಿ ಸಾಕು, ಗಡಿ ಎಲ್ಲಿದೆ ಅಂತ ಗೊತ್ತಿದ್ದರೆ

ವಿಂಡೋಸ್‌ನಲ್ಲಿ ಪೈಥಾನ್ ಬಳಸುವವರಿಗೆ ಒಂದು ಕೆಂಪು ಅಕ್ಷರದ ಸಂದೇಶ ಚೆನ್ನಾಗಿ ಪರಿಚಯ. ಪಿಪ್ ಮೂಲಕ ಯಾವುದೋ ಪ್ಯಾಕೇಜ್ ಹಾಕಿಕೊಳ್ಳಲು ಹೋದರೆ ಅದು ಅರ್ಧದಲ್ಲಿ ನಿಂತುಬಿಡುತ್ತದೆ. ‘ಮೈಕ್ರೋಸಾಫ್ಟ್ ವಿಷುಯಲ್ ಸಿ++ 14.0 ಅಥವಾ ಅದಕ್ಕಿಂತ ಹೊಸದು ಬೇಕು’ ಎನ್ನುತ್ತದೆ. ಪೈಥಾನ್ 2.7ರ ಕಾಲದಲ್ಲಿ ಇದೇ ತೊಂದರೆ ‘ವಿಸಿವಾರ್ಸ್‌ಆಲ್.ಬ್ಯಾಟ್ ಸಿಗಲಿಲ್ಲ’ ಎಂಬ ಇನ್ನೂ ಗೂಢವಾದ ರೂಪದಲ್ಲಿ ಬರುತ್ತಿತ್ತು. ಕೆಲವರು ಅಲ್ಲಿಗೇ ಕೈಬಿಡುತ್ತಾರೆ. ಇನ್ನು ಕೆಲವರು ಆ ವಿಷುಯಲ್ ಸಿ++ ಇರುವ, ಹಲವು ಜಿಬಿ ತೂಗುವ ವಿಷುಯಲ್ ಸ್ಟುಡಿಯೋ ಇಳಿಸಿಕೊಳ್ಳುತ್ತಾರೆ.

ಆ ಸಂದೇಶ ಪೂರ್ತಿ ನಿಜವಲ್ಲ. ಪಿಪ್ ಹೇಳುತ್ತಿರುವುದು ಇಷ್ಟೇ: ನಿಮ್ಮ ಪೈಥಾನ್‌ಗೆ ಹೊಂದುವ ಸಿದ್ಧ ಪ್ಯಾಕೇಜ್ ಸಿಗಲಿಲ್ಲ, ಹಾಗಾಗಿ ಅದರೊಳಗಿನ ಸಿ ಭಾಗವನ್ನು, ಅಂದರೆ ಸಿ ಎಕ್ಸ್‌ಟೆನ್ಷನ್ ಅನ್ನು, ಮೂಲ ಕೋಡ್‌ನಿಂದ ಕಟ್ಟಬೇಕು, ಅದಕ್ಕೆ ಸಿ ಕಂಪೈಲರ್ (ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಸಾಧನ) ಬೇಕು. ಮೈಕ್ರೋಸಾಫ್ಟ್‌ನ ಕಂಪೈಲರ್ ಅದಕ್ಕೆ ಗೊತ್ತಿರುವ ಮೊದಲ ಆಯ್ಕೆ. ಅದೊಂದೇ ಆಯ್ಕೆಯಲ್ಲ. ಮುಕ್ತ ಕಂಪೈಲರ್ ಜಿಸಿಸಿಯಲ್ಲೂ ಈ ಕೆಲಸ ಚೆನ್ನಾಗಿ ಆಗುತ್ತದೆ. ಆದರೆ ಜಿಸಿಸಿ ಹಾಕಿಕೊಂಡ ಮಾತ್ರಕ್ಕೆ ಆಗುವುದಿಲ್ಲ. ಬೇರೊಂದು ಕಂಪೈಲರ್‌ನಿಂದ ಹುಟ್ಟಿದ ಪೈಥಾನ್ ಜೊತೆ ನಿಮ್ಮ ಕೋಡ್ ಎಲ್ಲೆಲ್ಲಿ ಕೈಕುಲುಕುತ್ತದೆ ಅನ್ನುವುದು ತಿಳಿದಿರಬೇಕು. ಅದು ತಿಳಿದರೆ ಈ ವಿಷಯದ ಮುಕ್ಕಾಲು ಪಾಲು ಗೊಂದಲ ಕರಗುತ್ತದೆ.

ಎಕ್ಸ್‌ಟೆನ್ಷನ್ ಒಳಗೆ ಏನಿರುತ್ತದೆ

ನಾವು ದಿನಾ ಬಳಸುವ ಪೈಥಾನ್ ಇಂಟರ್‌ಪ್ರಿಟರ್ ಬರೆದಿರುವುದು ಸಿ ಭಾಷೆಯಲ್ಲಿ. ಅದಕ್ಕೇ ಅದನ್ನು ಸಿಪೈಥಾನ್ ಎನ್ನುತ್ತಾರೆ. ಅದರ ಒಳಗೆ ಸಂಖ್ಯೆ, ಸ್ಟ್ರಿಂಗ್, ಲಿಸ್ಟ್ ಎಲ್ಲವೂ ಸಿ ಸ್ಟ್ರಕ್ಚರ್‌ಗಳೇ. ಅವನ್ನು ಹುಟ್ಟಿಸುವ, ಓದುವ, ಬಿಡುಗಡೆ ಮಾಡುವ ನೂರಾರು ಫಂಕ್ಷನ್‌ಗಳನ್ನು ಪೈಥಾನ್ ಹೊರಗಿನವರಿಗೂ ತೆರೆದಿಟ್ಟಿದೆ. ಆ ಫಂಕ್ಷನ್‌ಗಳನ್ನು ಕರೆಯುವ ಒಂದು ಸಿ ಫೈಲ್ ಬರೆದು ಕಂಪೈಲ್ ಮಾಡಿದರೆ ಅದೇ ಎಕ್ಸ್‌ಟೆನ್ಷನ್. ವಿಂಡೋಸ್‌ನಲ್ಲಿ ಅದಕ್ಕೆ ಪಿವೈಡಿ ಎಂಬ ಬಾಲ ಇರುತ್ತದೆ. ಹೆಸರು ಬೇರೆಯಾದರೂ ಒಳಗೆ ಅದು ಮಾಮೂಲಿ ಡಿಎಲ್‌ಎಲ್, ಅಂದರೆ ಪ್ರೋಗ್ರಾಂ ಓಡುವಾಗ ಲೋಡ್ ಮಾಡಿಕೊಳ್ಳುವ ಕೋಡ್ ಫೈಲ್. ಲಿನಕ್ಸ್‌ನಲ್ಲಿ ಎಸ್‌ಒ ಫೈಲ್.

ಒಂದು ಉದಾಹರಣೆ ಹಿಡಿದು ನೋಡೋಣ. ಕನ್ನಡ ಪಠ್ಯದಲ್ಲಿ ಅಕ್ಷರ ಎಣಿಸಬೇಕು ಅಂದುಕೊಳ್ಳಿ. ಪೈಥಾನ್‌ನ ಲೆನ್ ಫಂಕ್ಷನ್‌ಗೆ ‘ಕನ್ನಡ’ ಕೊಟ್ಟರೆ 5 ಎನ್ನುತ್ತದೆ. ‘ಸ್ತ್ರೀ’ ಕೊಟ್ಟರೆ 6 ಎನ್ನುತ್ತದೆ. ನಮ್ಮ ಕಣ್ಣಿಗೆ ಮೊದಲನೆಯದು ಮೂರಕ್ಷರ, ಎರಡನೆಯದು ಒಂದೇ ಅಕ್ಷರ ಅಲ್ವಾ? ಲೆನ್ ಎಣಿಸುವುದು ಯೂನಿಕೋಡ್ ಸಂಕೇತಗಳನ್ನು. ‘ಸ್ತ್ರೀ’ಯಲ್ಲಿ ಸ, ಹಲಂತ, ತ, ಹಲಂತ, ರ, ಈಕಾರದ ಗುಣಿತ ಎಂದು ಆರು ಸಂಕೇತಗಳಿವೆ.

ಅಕ್ಷರ ಎಣಿಸುವ ಸರಳ ನಿಯಮ ಹೀಗಿದೆ. ಕನ್ನಡದ ಸ್ವರ, ವ್ಯಂಜನಗಳ ಸಂಕೇತ ಸಂಖ್ಯೆಗಳು 3205ರಿಂದ 3257ರ ನಡುವೆ ಬರುತ್ತವೆ. ಹಲಂತದ ಸಂಖ್ಯೆ 3277. ಸಂಕೇತಗಳನ್ನು ಒಂದೊಂದಾಗಿ ಓದುತ್ತಾ ಹೋಗಿ. ಸ್ವರವೋ ವ್ಯಂಜನವೋ ಸಿಕ್ಕಾಗ ಅದರ ಹಿಂದೆ ಹಲಂತ ಇಲ್ಲದಿದ್ದರೆ ಲೆಕ್ಕಕ್ಕೆ ಒಂದು ಸೇರಿಸಿ. ಹಲಂತ ಇದ್ದರೆ ಅದು ಒತ್ತಕ್ಷರ, ಬಿಟ್ಟುಬಿಡಿ. ಹಳಗನ್ನಡ ಪಠ್ಯ ಇದ್ದರೆ ಈ ಸಾಲಿನಿಂದ ಹೊರಗೆ 3294ರಲ್ಲಿ ಕೂತಿರುವ ‘ೞ’ವನ್ನೂ ಸೇರಿಸಿಕೊಳ್ಳಬೇಕು.

ಈ ನಿಯಮಕ್ಕೆ ‘ಸಾಫ್ಟ್‌ವೇರ್’ ಪದ ಒಳ್ಳೆಯ ಪರೀಕ್ಷೆ. ಟ್ ಮತ್ತು ವೇ ಒಂದಕ್ಕೊಂದು ಅಂಟದಿರಲಿ ಅಂತ ನಾವು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಒತ್ತುತ್ತೇವೆ. ಅದು ಇದ್ದರೆ ‘ವೇ’ ಹಿಂದೆ ನೇರವಾಗಿ ಹಲಂತ ಬರುವುದಿಲ್ಲ, ಹಾಗಾಗಿ ನಾಲ್ಕು ಅಕ್ಷರ ಸಿಗುತ್ತದೆ. ಟೈಪ್ ಮಾಡಿದವರು ಆ ಸಂಕೇತ ಬಿಟ್ಟಿದ್ದರೆ ‘ವೇ’ ಒತ್ತಾಗುತ್ತದೆ, ಲೆಕ್ಕ ಮೂರಕ್ಕೆ ಇಳಿಯುತ್ತದೆ. ಪರದೆಯ ಮೇಲೆ ಕಾಣುವುದೂ ಹಾಗೇ. ನಿಯಮ ಎರಡೂ ಕಡೆ ಸರಿಯಾಗಿಯೇ ನಡೆದುಕೊಳ್ಳುತ್ತದೆ.

ಇದನ್ನು ಪೈಥಾನ್‌ನಲ್ಲೇ ಐದಾರು ಸಾಲಿನಲ್ಲಿ ಬರೆಯಬಹುದು. ಪಠ್ಯ ಚಿಕ್ಕದಿದ್ದರೆ ಅಷ್ಟೇ ಸಾಕು, ಸುಮ್ನೆ ಸಿ ಕಡೆಗೆ ಹೋಗುವುದು ಬೇಡ. ಲಕ್ಷಾಂತರ ಸಾಲು ಇದ್ದಾಗ ಮಾತು ಬೇರೆ. ಸ್ಟ್ರಿಂಗ್‌ನಿಂದ ಒಂದೊಂದೇ ಸಂಕೇತ ತೆಗೆಯುವಾಗ ಪೈಥಾನ್ ಪ್ರತಿ ಸಲವೂ ಒಂದು ಪುಟ್ಟ ಸ್ಟ್ರಿಂಗ್ ಆಬ್ಜೆಕ್ಟ್ ಕೊಡಬೇಕು. ಇಂಗ್ಲಿಷ್ ಮತ್ತು ಕೆಲವು ಯುರೋಪಿನ ಅಕ್ಷರಗಳಿಗೆ ಅದು ಮೊದಲೇ ಮಾಡಿಟ್ಟ ಆಬ್ಜೆಕ್ಟ್‌ಗಳನ್ನೇ ಮತ್ತೆ ಮತ್ತೆ ಕೊಡುತ್ತದೆ. ಕನ್ನಡಕ್ಕೆ ಆ ಸೌಲಭ್ಯ ಇಲ್ಲ, ಪ್ರತಿ ಸಂಕೇತಕ್ಕೂ ಹೊಸದೊಂದು ಹುಟ್ಟಿ ಸಾಯುತ್ತದೆ. ಸಿ ಭಾಷೆಯಲ್ಲಿ ಅದೇ ಸಂಕೇತ ಬರೀ ಒಂದು ಸಂಖ್ಯೆ. ಎರಡು ಹೋಲಿಕೆ, ಒಂದು ಕೂಡಿಕೆ, ಮುಗಿಯಿತು. ಇಂಥ ಲೂಪ್‌ಗಳಲ್ಲಿ ಸಿ ಹತ್ತಾರು ಪಟ್ಟು ವೇಗವಾಗಿ ಓಡುವುದು ಸಾಮಾನ್ಯ.

ಸಿ ಫೈಲ್‌ನಲ್ಲಿ ನಾಲ್ಕು ಭಾಗ ಇರುತ್ತದೆ. ಮೊದಲ ಸಾಲಿನಲ್ಲಿ ಪೈಥಾನ್ ಹೆಡರ್ ಫೈಲನ್ನು (ಪೈಥಾನ್ ತೆರೆದಿಟ್ಟ ಫಂಕ್ಷನ್‌ಗಳ ವಿವರ ಇರುವ ಫೈಲ್) ಸೇರಿಸಿಕೊಳ್ಳಬೇಕು. ಸಿ ಭಾಷೆಯ ಉಳಿದ ಹೆಡರ್‌ಗಳಿಗಿಂತ ಅದು ಮೊದಲು ಬರಬೇಕು, ಏಕೆಂದರೆ ಅದು ಕೆಲವು ವ್ಯಾಖ್ಯೆಗಳನ್ನು ಬದಲಿಸುತ್ತದೆ. ಎರಡನೆಯದು ಎಣಿಸುವ ಫಂಕ್ಷನ್. ಅದು ಪೈಥಾನ್‌ನಿಂದ ಒಂದು ಸ್ಟ್ರಿಂಗ್ ಆಬ್ಜೆಕ್ಟ್ ಪಡೆದು, ಉದ್ದ ಕೇಳಿ, ಲೂಪ್ ಓಡಿಸಿ, ಕೊನೆಗೆ ಸಿ ಸಂಖ್ಯೆಯನ್ನು ಪೈಥಾನ್ ಸಂಖ್ಯೆಯಾಗಿ ಮಾಡಿ ಹಿಂದಿರುಗಿಸುತ್ತದೆ. ಮೂರನೆಯದು ಯಾವ ಹೆಸರಿಗೆ ಯಾವ ಫಂಕ್ಷನ್ ಎಂದು ಹೇಳುವ ಒಂದು ಪಟ್ಟಿ. ನಾಲ್ಕನೆಯದು ಮಾಡ್ಯೂಲ್ ಹುಟ್ಟಿಸುವ ಫಂಕ್ಷನ್. ಮಾಡ್ಯೂಲ್ ಹೆಸರು ‘ಅಕ್ಷರ’ ಆದರೆ ಈ ಫಂಕ್ಷನ್ ಹೆಸರು ‘ಪೈಇನಿಟ್_ಅಕ್ಷರ’ ಎಂದೇ ಇರಬೇಕು. ನೀವು ಇಂಪೋರ್ಟ್ ಎಂದಾಗ ಪೈಥಾನ್ ಆ ಡಿಎಲ್‌ಎಲ್ ತೆರೆದು ಹುಡುಕುವುದು ಈ ಹೆಸರನ್ನೇ. ಫೈಲಿನ ಹೆಸರು ಬದಲಿಸಿ ಇದನ್ನು ಬದಲಿಸದಿದ್ದರೆ ಇಂಪೋರ್ಟ್ ಆಗುವುದಿಲ್ಲ.

ಉದ್ದಕ್ಕೂ ಲೆಕ್ಕಕ್ಕೂ ಸಿ ಭಾಷೆಯ ‘ಲಾಂಗ್’ ಎಂಬ ಸಂಖ್ಯೆಯ ಟೈಪ್ ಬಳಸಬೇಡಿ, ಪೈಥಾನ್‌ನದೇ ಸೈಜ್ ಟೈಪ್ ಬಳಸಿ. 64 ಬಿಟ್ ಲಿನಕ್ಸ್‌ನಲ್ಲಿ ಲಾಂಗ್ 64 ಬಿಟ್, 64 ಬಿಟ್ ವಿಂಡೋಸ್‌ನಲ್ಲಿ 32 ಬಿಟ್. ಲಿನಕ್ಸ್‌ನಲ್ಲಿ ಬರೆದ ಎಷ್ಟೋ ಕೋಡ್ ವಿಂಡೋಸ್‌ಗೆ ಬಂದಾಗ ಎಡವುವುದು ಇಲ್ಲೇ. ಜಿಸಿಸಿ ಇರಲಿ, ಮೈಕ್ರೋಸಾಫ್ಟ್‌ನದು ಇರಲಿ, ವಿಂಡೋಸ್‌ನಲ್ಲಿ ಎರಡೂ 32 ಎಂದೇ ಹಿಡಿಯುತ್ತವೆ.

ಲಿನಕ್ಸ್‌ನಲ್ಲಿ ಏಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ

ಅಲ್ಲಿ ಪೈಥಾನ್ ಕಟ್ಟಿರುವುದೂ ಸಾಮಾನ್ಯವಾಗಿ ಜಿಸಿಸಿಯಲ್ಲೇ. ಎಕ್ಸ್‌ಟೆನ್ಷನ್ ಕಟ್ಟುವುದೂ ಅದರಲ್ಲೇ. ಡಿಸ್ಟ್ರೋದಿಂದ (ಅಂದರೆ ನೀವು ಬಳಸುವ ಲಿನಕ್ಸ್ ಬಗೆಯಿಂದ) ಪೈಥಾನ್‌ನ ಡೆವಲಪ್‌ಮೆಂಟ್ ಪ್ಯಾಕೇಜ್ ಹಾಕಿಕೊಂಡರೆ ಹೆಡರ್ ಫೈಲ್ ಬರುತ್ತದೆ, ಅಷ್ಟೇ. ಇನ್ನೊಂದು ವ್ಯತ್ಯಾಸವೂ ಇದೆ. ಲಿನಕ್ಸ್‌ನ ಎಸ್‌ಒ ಫೈಲ್ ತನಗೆ ಬೇಕಾದ ಪೈಥಾನ್ ಫಂಕ್ಷನ್‌ಗಳ ಜಾಗ ಖಾಲಿ ಬಿಟ್ಟೇ ತಯಾರಾಗಬಹುದು. ಲೋಡ್ ಆಗುವಾಗ ಓಡುತ್ತಿರುವ ಪೈಥಾನ್‌ನಿಂದ ಆ ಜಾಗ ತುಂಬಿಕೊಳ್ಳುತ್ತದೆ. ವಿಂಡೋಸ್‌ನಲ್ಲಿ ಹಾಗಿಲ್ಲ. ಪ್ರತಿ ಫಂಕ್ಷನ್ ಯಾವ ಡಿಎಲ್‌ಎಲ್‌ನಿಂದ ಬರುತ್ತದೆ ಅನ್ನುವುದು ಲಿಂಕ್ ಮಾಡುವಾಗಲೇ, ಅಂದರೆ ಕಂಪೈಲ್ ಆದ ತುಣುಕುಗಳನ್ನು ಜೋಡಿಸುವಾಗಲೇ, ತೀರ್ಮಾನ ಆಗಿರಬೇಕು. ‘ಅನ್‌ಡಿಫೈನ್ಡ್ ರೆಫರೆನ್ಸ್’ ಎಂಬ ದೂರು ವಿಂಡೋಸ್‌ನಲ್ಲಿ ಜಾಸ್ತಿ ಕೇಳುವುದು ಅದಕ್ಕೇ.

ವಿಂಡೋಸ್‌ನ ಹಳೆಯ ಕಥೆ

ಪೈಥಾನ್ ಅಧಿಕೃತ ತಾಣದಿಂದ ಸಿಗುವ ವಿಂಡೋಸ್ ಪೈಥಾನ್ ಕಟ್ಟಿರುವುದು ಮೈಕ್ರೋಸಾಫ್ಟ್ ಕಂಪೈಲರ್‌ನಲ್ಲಿ. ಬಹಳ ಕಾಲ ಆವೃತ್ತಿ ಬದಲಾದಂತೆ ಆ ಕಂಪೈಲರ್ ಕೂಡ ಬದಲಾಗುತ್ತಿತ್ತು. 2004ರ ಪೈಥಾನ್ 2.4 ಮತ್ತು 2006ರ 2.5ಕ್ಕೆ ವಿಷುಯಲ್ ಸ್ಟುಡಿಯೋ 2003. ಪೈಥಾನ್ 2.6ರಿಂದ 3.2ರವರೆಗೆ, ಅಂದರೆ 2010ರ 2.7 ಸೇರಿ, ವಿಷುಯಲ್ ಸ್ಟುಡಿಯೋ 2008. 3.3 ಮತ್ತು 3.4ಕ್ಕೆ 2010ರದು. ವಿಷುಯಲ್ ಸ್ಟುಡಿಯೋದ ಪ್ರತಿ ಆವೃತ್ತಿಗೂ ಅದರದೇ ಸಿ ರನ್‌ಟೈಮ್ ಲೈಬ್ರರಿ (ಸಿ ಪ್ರೋಗ್ರಾಂಗಳು ಓಡುವಾಗ ನೆಚ್ಚುವ ಮೂಲ ಫಂಕ್ಷನ್‌ಗಳ ಕಟ್ಟು) ಇತ್ತು. 71, 90, 100 ಎಂಬ ಸಂಖ್ಯೆ ಹೊತ್ತ ಬೇರೆ ಬೇರೆ ಡಿಎಲ್‌ಎಲ್‌ಗಳು.

ವಿಷುಯಲ್ ಸ್ಟುಡಿಯೋ 2003 ದುಡ್ಡು ಕೊಟ್ಟು ಕೊಳ್ಳಬೇಕಾದ ಸರಕು. ಒಂದು ಪುಟ್ಟ ಎಕ್ಸ್‌ಟೆನ್ಷನ್ ಕಟ್ಟಲು ವಿದ್ಯಾರ್ಥಿಯೊಬ್ಬ ಅದನ್ನು ಕೊಳ್ಳುವುದು ಆಗದ ಮಾತು. ಆಗ ಕೈಹಿಡಿದದ್ದು ಮಿಂಗ್‌ಡಬ್ಲ್ಯೂ. ರಿಚರ್ಡ್ ಸ್ಟಾಲ್‌ಮನ್ 1987ರಲ್ಲಿ ಹೊರತಂದ ಜಿಸಿಸಿಯನ್ನು ವಿಂಡೋಸ್‌ನಲ್ಲಿ ನೇರವಾಗಿ ಓಡುವಂತೆ ಮಾಡಿದ ಯೋಜನೆ ಅದು. ಆ ಕಾಲದಲ್ಲಿ ವಿಧಾನ ಸ್ವಲ್ಪ ಸುತ್ತುಬಳಸಿನದು. ಮೊದಲು ಪೈಥಾನ್ ಡಿಎಲ್‌ಎಲ್‌ನಿಂದ ಫಂಕ್ಷನ್ ಹೆಸರುಗಳ ಪಟ್ಟಿ ಹೊರತೆಗೆಯಬೇಕು. ಡಿಎಲ್‌ಎಲ್‌ಟೂಲ್ ಬಳಸಿ ಅದರಿಂದ ಜಿಸಿಸಿಗೆ ಅರ್ಥವಾಗುವ ಇಂಪೋರ್ಟ್ ಲೈಬ್ರರಿ (ಯಾವ ಫಂಕ್ಷನ್ ಯಾವ ಡಿಎಲ್‌ಎಲ್‌ನಲ್ಲಿದೆ ಎಂದು ಲಿಂಕರ್‌ಗೆ ಹೇಳುವ ಫೈಲ್) ಮಾಡಬೇಕು. ಆಮೇಲೆ ಪೈಥಾನ್ ಜೊತೆ ಬರುತ್ತಿದ್ದ, ಪ್ಯಾಕೇಜ್ ಕಟ್ಟುವ ಸಾಧನ ಡಿಸ್ಟ್‌ಯುಟಿಲ್ಸ್‌ನ ಒಂದು ಸೆಟ್ಟಿಂಗ್ ಫೈಲ್‌ನಲ್ಲಿ ಕಂಪೈಲರ್ ‘ಮಿಂಗ್‌ಡಬ್ಲ್ಯೂ32’ ಎಂದು ಬರೆಯಬೇಕು. ಇಷ್ಟು ಮಾಡಿದರೆ ಕೆಲಸ ಆಗುತ್ತಿತ್ತು.

ಎಲ್ಲ ಭಾಷೆಗಳೂ ಈ ದಾರಿ ಹಿಡಿಯಲಿಲ್ಲ. ವಿಂಡೋಸ್‌ನ ಸ್ಟ್ರಾಬೆರಿ ಪರ್ಲ್ ತನ್ನ ಜೊತೆಗೇ ಜಿಸಿಸಿ ಹೊತ್ತು ತರುತ್ತದೆ. ಆರ್ ಭಾಷೆಗೆ ಆರ್‌ಟೂಲ್ಸ್ ಇದೆ, ಅದರೊಳಗೂ ಜಿಸಿಸಿಯೇ. ರೂಬಿ ಭಾಷೆಯ ರೂಬಿಇನ್‌ಸ್ಟಾಲರ್ ಕೂಡ ಎಂಎಸ್‌ವೈಎಸ್2 (ವಿಂಡೋಸ್‌ಗೆ ಜಿಸಿಸಿ ಮತ್ತಿತರ ಸಾಧನ ಕೊಡುವ ಕಟ್ಟು) ಜೊತೆ ಬರುತ್ತದೆ. ಅವುಗಳಲ್ಲಿ ಇಂಟರ್‌ಪ್ರಿಟರ್ ಮತ್ತು ಎಕ್ಸ್‌ಟೆನ್ಷನ್ ಎರಡೂ ಒಂದೇ ಕಂಪೈಲರ್‌ನ ಮಕ್ಕಳು, ಹಾಗಾಗಿ ಬಳಸುವವರಿಗೆ ಈ ಪ್ರಶ್ನೆಯೇ ಏಳುವುದಿಲ್ಲ. ನನ್ನ ದೃಷ್ಟಿಯಲ್ಲಿ ಹೊಸಬರಿಗೆ ಅದೇ ಒಳ್ಳೆಯ ವ್ಯವಸ್ಥೆ. ಪೈಥಾನ್ ಮೈಕ್ರೋಸಾಫ್ಟ್ ಕಂಪೈಲರ್ ಹಿಡಿದದ್ದರಿಂದ ವಿಂಡೋಸ್‌ನ ಉಳಿದ ಲೈಬ್ರರಿಗಳ ಜೊತೆ ಹೊಂದಾಣಿಕೆ ಸಿಕ್ಕಿತು, ಆದರೆ ಎಕ್ಸ್‌ಟೆನ್ಷನ್ ಬರೆಯುವವರ ಹೊರೆ ಹೆಚ್ಚಿತು.

ಎರಡು ಕಂಪೈಲರ್ ಒಪ್ಪಬೇಕಾದ ವಿಷಯಗಳು

ಒಂದು ಕಂಪೈಲರ್‌ನ ಡಿಎಲ್‌ಎಲ್ ಇನ್ನೊಂದರ ಡಿಎಲ್‌ಎಲ್ ಜೊತೆ ಮಾತಾಡಬೇಕಾದರೆ ಯಂತ್ರದ ಮಟ್ಟದಲ್ಲಿ ಒಪ್ಪಂದ ಬೇಕು. ಫಂಕ್ಷನ್ ಕರೆಯುವಾಗ ಮೊದಲ ಆರ್ಗ್ಯುಮೆಂಟ್ ಯಾವ ರಿಜಿಸ್ಟರ್‌ನಲ್ಲಿ ಇರಬೇಕು, ಉತ್ತರ ಎಲ್ಲಿ ಬರಬೇಕು, ಸ್ಟ್ರಕ್ಚರ್‌ನ ಒಳಗೆ ಯಾವುದು ಎಷ್ಟು ಬೈಟ್ ದೂರದಲ್ಲಿ ಇರಬೇಕು, ಇಂಥವು. ಸಿ ಭಾಷೆಯ ಮಟ್ಟಿಗೆ ಇಲ್ಲಿ ಚಿಂತೆಯೇ ಇಲ್ಲ. 64 ಬಿಟ್ ವಿಂಡೋಸ್‌ಗೆ ಕರೆಯುವ ಪದ್ಧತಿ ಒಂದೇ, ಅದನ್ನು ಮೈಕ್ರೋಸಾಫ್ಟ್ ಬರೆದಿಟ್ಟಿದೆ, ಜಿಸಿಸಿ ಪಾಲಿಸುತ್ತದೆ. ಲಾಂಗ್ ಡಬಲ್ ಒಂದು ಅಪವಾದ. ಜಿಸಿಸಿ ಅದನ್ನು 80 ಬಿಟ್‌ನ ಸಂಖ್ಯೆ ಎಂದು ಹಿಡಿಯುತ್ತದೆ, ಮೈಕ್ರೋಸಾಫ್ಟ್ 64 ಬಿಟ್ ಎನ್ನುತ್ತದೆ. ಗಡಿ ದಾಟುವ ಜಾಗದಲ್ಲಿ ಅದನ್ನು ಬಳಸದಿದ್ದರೆ ಆಯಿತು.

ಸಿ++ ವಿಷಯ ಪೂರ್ತಿ ಬೇರೆ. ಫಂಕ್ಷನ್ ಹೆಸರುಗಳನ್ನು ಡಿಎಲ್‌ಎಲ್ ಒಳಗೆ ಬರೆದಿಡುವ ರೀತಿ, ಎಕ್ಸೆಪ್ಷನ್ ಎಸೆಯುವ ರೀತಿ, ಕ್ಲಾಸ್‌ಗಳ ಒಳರಚನೆ ಎಲ್ಲದರಲ್ಲೂ ಎರಡು ಕಂಪೈಲರ್‌ಗಳು ಬೇರೆ ಬೇರೆ ದಾರಿ. ಹಾಗಂತ ಸಿ++ನಲ್ಲಿ ಎಕ್ಸ್‌ಟೆನ್ಷನ್ ಬರೆಯಬಾರದು ಎಂದಲ್ಲ. ಪೈಥಾನ್ ತೆರೆದಿಟ್ಟಿರುವ ಬಾಗಿಲು ಸಿ ಭಾಷೆಯದು. ನಿಮ್ಮ ಸಿ++ ಎಲ್ಲವನ್ನೂ ಒಂದೇ ಜಿಸಿಸಿಯಲ್ಲಿ ಕಟ್ಟಿ, ಹೊರಗೆ ಆ ಸಿ ಬಾಗಿಲಿನ ಮೂಲಕ ಮಾತ್ರ ಮಾತಾಡಿದರೆ ತೊಂದರೆ ಇಲ್ಲ. ಮೈಕ್ರೋಸಾಫ್ಟ್ ಕಂಪೈಲರ್‌ನಲ್ಲಿ ಕಟ್ಟಿ ಕೊಟ್ಟಿರುವ ಸಿ++ ಲೈಬ್ರರಿ ಒಂದನ್ನು ಬಳಸಲೇಬೇಕು ಅಂದರೆ ಮಾತ್ರ ಜಿಸಿಸಿ ಬಿಟ್ಟುಬಿಡಿ. ಅಲ್ಲಿ ಹಟ ಮಾಡಿ ಪ್ರಯೋಜನ ಇಲ್ಲ.

ನಿಜವಾದ ಕಗ್ಗಂಟು ಸಿ ರನ್‌ಟೈಮ್ ಲೈಬ್ರರಿಯದು. ಮೆಮೊರಿ ಕೇಳುವ ಮಾಲಾಕ್, ಬಿಡುವ ಫ್ರೀ, ಫೈಲ್ ತೆರೆಯುವ ಎಫ್‌ಓಪನ್, ಇವೆಲ್ಲ ಅದರೊಳಗೆ ಇರುತ್ತವೆ. ಪೈಥಾನ್ ಒಂದು ರನ್‌ಟೈಮ್ ಬಳಸಿ, ನಿಮ್ಮ ಪಿವೈಡಿ ಇನ್ನೊಂದು ಬಳಸಿದರೆ, ಒಂದೇ ಪ್ರೋಗ್ರಾಂ ಒಳಗೆ ಎರಡು ಬೇರೆ ಬೇರೆ ಲೆಕ್ಕದ ಪುಸ್ತಕ ಇದ್ದಹಾಗೆ ಆಗುತ್ತದೆ. ಒಂದರ ಮಾಲಾಕ್‌ನಿಂದ ತಂದ ಮೆಮೊರಿಯನ್ನು ಇನ್ನೊಂದರ ಫ್ರೀಗೆ ಕೊಡುವುದು, ಒಂದು ಸೊಸೈಟಿಯಲ್ಲಿ ಒತ್ತೆ ಇಟ್ಟ ಒಡವೆಯನ್ನು ಇನ್ನೊಂದು ಸೊಸೈಟಿಗೆ ಹೋಗಿ ಬಿಡಿಸಿಕೊಡಿ ಅಂದಂತೆ. ಅಲ್ಲಿ ಅದರ ದಾಖಲೆಯೇ ಇರುವುದಿಲ್ಲ. ಎಫ್‌ಓಪನ್ ಕೊಟ್ಟ ಫೈಲ್ ಪಾಯಿಂಟರ್ ಕಥೆಯೂ ಹೀಗೇ. ದೋಷದ ಸಂಖ್ಯೆ ಹಿಡಿದಿಡುವ ಎರ್‌ನೋ, ಭಾಷೆ-ಪ್ರದೇಶದ ಸೆಟ್ಟಿಂಗ್ ಆದ ಲೊಕೇಲ್ ಕೂಡ ರನ್‌ಟೈಮ್‌ಗೊಂದು. ಕೆಟ್ಟದ್ದೇನೆಂದರೆ ಇಂಥ ತಪ್ಪು ಕಂಪೈಲ್ ಆಗುವಾಗ ಗೊತ್ತೇ ಆಗುವುದಿಲ್ಲ. ಓಡುವಾಗ ಒಮ್ಮೆ ಸರಿ ಇರುತ್ತದೆ, ಒಮ್ಮೆ ಪ್ರೋಗ್ರಾಂ ಸದ್ದಿಲ್ಲದೆ ಬಿದ್ದುಹೋಗುತ್ತದೆ.

ಪೈಥಾನ್ 2ರಲ್ಲಿ ಇದು ದೊಡ್ಡ ಅಪಾಯವಾಗಿತ್ತು, ಏಕೆಂದರೆ ಅದರ ಫೈಲ್ ಆಬ್ಜೆಕ್ಟ್ ಒಳಗೆ ಸಿ ಭಾಷೆಯ ಫೈಲ್ ಪಾಯಿಂಟರ್ ಕೂತಿತ್ತು, ಎಕ್ಸ್‌ಟೆನ್ಷನ್‌ಗಳು ಅದನ್ನು ಕೇಳಿ ಪಡೆಯಬಹುದಿತ್ತು. ಪೈಥಾನ್ 3 ಆ ಪಾಯಿಂಟರನ್ನು ಕೈಬಿಟ್ಟಿತು. ಮೆಮೊರಿಗೂ ಪೈಥಾನ್ ತನ್ನದೇ ಫಂಕ್ಷನ್‌ಗಳನ್ನು ಕೊಡುತ್ತದೆ. ಗಡಿ ದಾಟಬೇಕಾದ ಮೆಮೊರಿಯನ್ನು ಅವುಗಳಿಂದಲೇ ತಂದು ಅವುಗಳಿಂದಲೇ ಬಿಟ್ಟರೆ ಯಾವ ರನ್‌ಟೈಮ್ ಅನ್ನುವ ಪ್ರಶ್ನೆ ಬರುವುದಿಲ್ಲ. ನಮ್ಮ ಅಕ್ಷರ ಎಣಿಸುವ ಫಂಕ್ಷನ್ ನೋಡಿ. ಅದು ಮಾಲಾಕ್ ಮಾಡುವುದಿಲ್ಲ, ಫೈಲ್ ತೆರೆಯುವುದಿಲ್ಲ. ಪೈಥಾನ್‌ನಿಂದ ಸ್ಟ್ರಿಂಗ್ ಪಡೆದು ಪೈಥಾನ್‌ಗೆ ಸಂಖ್ಯೆ ಕೊಡುತ್ತದೆ. ಯಾವ ರನ್‌ಟೈಮ್ ಜೊತೆ ಕಟ್ಟಿದರೂ ಅದು ಸುರಕ್ಷಿತ.

2015ರಲ್ಲಿ ಪರಿಸ್ಥಿತಿ ತುಂಬಾ ಸುಧಾರಿಸಿತು. ವಿಷುಯಲ್ ಸ್ಟುಡಿಯೋ 2015ರ ಜೊತೆ ಮೈಕ್ರೋಸಾಫ್ಟ್ ಯುಸಿಆರ್‌ಟಿ ಎಂಬ ಒಂದೇ ಸಾರ್ವತ್ರಿಕ ರನ್‌ಟೈಮ್ ತಂದಿತು. ವಿಂಡೋಸ್ 10ರಿಂದ ಅದು ವಿಂಡೋಸ್‌ನದೇ ಭಾಗ. ಪೈಥಾನ್ 3.5ರಿಂದ ಮುಂದಿನ ಎಲ್ಲವೂ ಅದನ್ನೇ ಬಳಸುತ್ತವೆ. 64 ಬಿಟ್‌ಗೂ ಕೆಲಸ ಮಾಡುವ ಮಿಂಗ್‌ಡಬ್ಲ್ಯೂ-ಡಬ್ಲ್ಯೂ64 ಕೂಡ ಈಗ ಯುಸಿಆರ್‌ಟಿ ಜೊತೆ ಸಿಗುತ್ತದೆ. ಎಂಎಸ್‌ವೈಎಸ್2ನಲ್ಲಿ ಯುಸಿಆರ್‌ಟಿ64 ಎಂಬ ಪರಿಸರ ಆರಿಸಿಕೊಂಡು ಅದರ ಜಿಸಿಸಿ ಹಾಕಿಕೊಂಡರೆ ಪೈಥಾನ್ ಮತ್ತು ನಿಮ್ಮ ಪಿವೈಡಿ ಎರಡೂ ಒಂದೇ ರನ್‌ಟೈಮ್ ಹಂಚಿಕೊಳ್ಳುತ್ತವೆ. ಹಳೆಯ ಲೇಖನಗಳಲ್ಲಿ ಎದುರಾಗುವ ಅರ್ಧದಷ್ಟು ಎಚ್ಚರಿಕೆಗಳು ಇದರಿಂದ ಅಪ್ರಸ್ತುತವಾಗಿವೆ. ಎಂಎಸ್‌ವಿಸಿಆರ್‌ಟಿ ಎಂಬ ಹಳೆಯ ರನ್‌ಟೈಮ್ ಮೇಲೆ ಕಟ್ಟಿದ ಜಿಸಿಸಿಗಳೂ ಇನ್ನೂ ಸಿಗುತ್ತವೆ, ಇಳಿಸಿಕೊಳ್ಳುವಾಗ ಯಾವುದು ಅಂತ ನೋಡಿ ಆರಿಸಿ.

ಕಟ್ಟುವುದು, ಮತ್ತು ಎಡವುವ ಜಾಗಗಳು

ಜಿಸಿಸಿಗೆ ಹೇಳಬೇಕಾದದ್ದು ಹೆಚ್ಚಿಲ್ಲ. ಡಿಎಲ್‌ಎಲ್ ಮಾಡು ಎನ್ನುವ ‘ಶೇರ್ಡ್’ ಆಯ್ಕೆ. ಪೈಥಾನ್ ಹಾಕಿದ ಜಾಗದ ‘ಇನ್‌ಕ್ಲೂಡ್’ ಫೋಲ್ಡರ್ ದಾರಿ, ಹೆಡರ್‌ಗಾಗಿ. ಅಲ್ಲೇ ಪಕ್ಕದ ‘ಲಿಬ್ಸ್’ ಫೋಲ್ಡರ್ ದಾರಿ, ಇಂಪೋರ್ಟ್ ಲೈಬ್ರರಿಗಾಗಿ. ಯಾವ ಲೈಬ್ರರಿ ಎಂಬುದು. ಹೊರಬರುವ ಫೈಲ್ ಹೆಸರು, ಪಿವೈಡಿ ಬಾಲದೊಂದಿಗೆ. ವೇಗ ಬೇಕಾದ್ದರಿಂದ ಎರಡನೇ ಹಂತದ ಆಪ್ಟಿಮೈಸೇಷನ್. ಹಿಂದಿನಂತೆ ಪಟ್ಟಿ ಹೊರತೆಗೆದು ಲೈಬ್ರರಿ ಮಾಡುವ ಸರ್ಕಸ್ ಈಗ ಬೇಡ. ಈಗಿನ ಲಿಂಕರ್ ಮೈಕ್ರೋಸಾಫ್ಟ್ ಶೈಲಿಯ ಇಂಪೋರ್ಟ್ ಲೈಬ್ರರಿ ಓದುತ್ತದೆ, ಡಿಎಲ್‌ಎಲ್ ಫೈಲನ್ನೇ ನೇರ ಕೊಟ್ಟರೂ ಓದುತ್ತದೆ.

ಲೈಬ್ರರಿ ಹೆಸರು ಹೇಳುವುದನ್ನು ಹೊಸಬರು ಮರೆಯುತ್ತಾರೆ. ಅದಕ್ಕೊಂದು ಕಾರಣ ಇದೆ. ಪೈಥಾನ್ ಹೆಡರ್ ಒಳಗೆ ಲೈಬ್ರರಿಯ ಹೆಸರನ್ನು ತಾನಾಗಿಯೇ ಸೇರಿಸುವ ಒಂದು ಸಾಲು ಇದೆ, ಆದರೆ ಅದು ಮೈಕ್ರೋಸಾಫ್ಟ್ ಕಂಪೈಲರ್‌ಗೆ ಮಾತ್ರ. ಹಾಗಾಗಿ ಆ ಕಂಪೈಲರ್‌ಗಾಗಿ ಬರೆದ ಉದಾಹರಣೆಗಳಲ್ಲಿ ಲೈಬ್ರರಿ ಮಾತೇ ಬರುವುದಿಲ್ಲ. ಅದನ್ನೇ ನೋಡಿಕೊಂಡು ಜಿಸಿಸಿಯಲ್ಲಿ ಮಾಡಿದರೆ ‘ಅನ್‌ಡಿಫೈನ್ಡ್ ರೆಫರೆನ್ಸ್’ ಸಾಲು ಸಾಲಾಗಿ ಬರುತ್ತದೆ.

ಕೈಯಿಂದ ಕಮಾಂಡ್ ಬರೆಯುವ ಬದಲು ಪ್ಯಾಕೇಜ್ ಕಟ್ಟುವ ಸಾಧನ ಸೆಟಪ್‌ಟೂಲ್ಸ್ ಬಳಸಿದರೆ ಕಂಪೈಲರ್ ಹೆಸರು ‘ಮಿಂಗ್‌ಡಬ್ಲ್ಯೂ32’ ಎಂದು ಕೊಡಬೇಕು. ಹೆಸರಿನಲ್ಲಿ 32 ಇದ್ದರೂ 64 ಬಿಟ್‌ಗೂ ಅದೇ ಹೆಸರು, ಗಾಬರಿ ಬೇಡ. ಡಿಸ್ಟ್‌ಯುಟಿಲ್ಸ್ ಪೈಥಾನ್ 3.12ರಲ್ಲಿ ಹೊರಹೋಯಿತು, ಅದರ ಪ್ರತಿಯನ್ನು ಸೆಟಪ್‌ಟೂಲ್ಸ್ ತನ್ನೊಳಗೆ ಇಟ್ಟುಕೊಂಡಿದೆ. ಹಳೆಯ ಪೈಥಾನ್‌ಗಳಲ್ಲಿ ಇಲ್ಲೊಂದು ವಿಚಿತ್ರ ದೋಷ ಬರುತ್ತಿತ್ತು: ‘ಅನ್‌ನೋನ್ ಎಂಎಸ್ ಕಂಪೈಲರ್ ವರ್ಷನ್ 1900’. ಪೈಥಾನ್ ತನ್ನ ಆವೃತ್ತಿ ಹೇಳುವ ವಾಕ್ಯದಲ್ಲೇ ತಾನು ಯಾವ ಕಂಪೈಲರ್‌ನಿಂದ ಹುಟ್ಟಿದ್ದು ಎಂದು ಬರೆದಿರುತ್ತದೆ. 1900 ಅಂದರೆ ವಿಷುಯಲ್ ಸ್ಟುಡಿಯೋ 2015. ಡಿಸ್ಟ್‌ಯುಟಿಲ್ಸ್ ಆ ಸಂಖ್ಯೆ ಓದಿ, ತನ್ನ ಪಟ್ಟಿ ನೋಡಿ, ಸರಿಯಾದ ರನ್‌ಟೈಮ್ ಯಾವುದೆಂದು ತೀರ್ಮಾನಿಸುತ್ತಿತ್ತು. ಪಟ್ಟಿಯಲ್ಲಿ ಹೊಸ ಸಂಖ್ಯೆ ಇರಲಿಲ್ಲ, ಅಷ್ಟೇ. ಈಗಿನ ಸೆಟಪ್‌ಟೂಲ್ಸ್‌ನಲ್ಲಿ ಈ ತೊಂದರೆ ಇಲ್ಲ.

ಆ ಆವೃತ್ತಿ ವಾಕ್ಯ ಇನ್ನೊಂದು ಕಾರಣಕ್ಕೂ ಉಪಯೋಗ. ಎಂಎಸ್‌ವೈಎಸ್2 ತನ್ನದೇ ಪೈಥಾನ್ ಕೂಡ ಕೊಡುತ್ತದೆ, ಅದನ್ನು ಕಟ್ಟಿರುವುದು ಜಿಸಿಸಿ ಕುಟುಂಬದ ಕಂಪೈಲರ್‌ನಲ್ಲಿ. ಅದರ ಟರ್ಮಿನಲ್‌ನಲ್ಲಿ ಪೈಥಾನ್ ಎಂದು ಟೈಪ್ ಮಾಡಿದರೆ ಓಡುವುದು ಅದೇ ಇರಬಹುದು. ಅದರ ಹೆಡರ್ ಬಳಸಿ ಕಟ್ಟಿದ ಪಿವೈಡಿಯನ್ನು ಅಧಿಕೃತ ಪೈಥಾನ್‌ಗೆ ಕೊಟ್ಟರೆ ಕೆಲಸ ಮಾಡುವುದಿಲ್ಲ. ಹಾಗಾಗಿ ಮೊದಲು ಪೈಥಾನ್ ತೆರೆದು ಆವೃತ್ತಿ ವಾಕ್ಯ ನೋಡಿ. ಎಂಎಸ್‌ಸಿ (ಮೈಕ್ರೋಸಾಫ್ಟ್ ಕಂಪೈಲರ್) ಎಂದಿದೆಯೋ ಜಿಸಿಸಿ ಎಂದಿದೆಯೋ ತಿಳಿದುಕೊಂಡು ಮುಂದುವರಿಯಿರಿ.

ಕಟ್ಟಿ ಮುಗಿಸಿದ ಮೇಲೆ ಬರುವ ದೊಡ್ಡ ತಲೆನೋವು ‘ಡಿಎಲ್‌ಎಲ್ ಲೋಡ್ ಫೇಲ್ಡ್’. ನಿಮ್ಮ ಪಿವೈಡಿ ಕಣ್ಣೆದುರೇ ಇರುತ್ತದೆ, ಆದರೂ ಮಾಡ್ಯೂಲ್ ಸಿಗಲಿಲ್ಲ ಎನ್ನುತ್ತದೆ. ಸಿಗದಿರುವುದು ಅದಲ್ಲ, ಅದು ನೆಚ್ಚಿಕೊಂಡಿರುವ ಇನ್ನೊಂದು ಡಿಎಲ್‌ಎಲ್. ಜಿಸಿಸಿಗೆ ತನ್ನದೇ ಸಹಾಯಕ ಲೈಬ್ರರಿಗಳಿವೆ: ಲಿಬ್‌ಜಿಸಿಸಿ, ಥ್ರೆಡ್‌ಗಾಗಿ ಲಿಬ್‌ವಿನ್‌ಪಿಥ್ರೆಡ್, ಸಿ++ ಆದರೆ ಲಿಬ್‌ಎಸ್‌ಟಿಡಿಸಿ++. ಮೊದಲೆಲ್ಲ ಇವಿರುವ ಫೋಲ್ಡರನ್ನು ಪಾತ್‌ಗೆ (ವಿಂಡೋಸ್ ಫೈಲ್ ಹುಡುಕುವ ಫೋಲ್ಡರ್‌ಗಳ ಪಟ್ಟಿ) ಸೇರಿಸಿದರೆ ಸಾಕಾಗುತ್ತಿತ್ತು. ಪೈಥಾನ್ 3.8ರಿಂದ ಎಕ್ಸ್‌ಟೆನ್ಷನ್‌ಗಳ ಅವಲಂಬನೆಗೆ ಪೈಥಾನ್ ಪಾತ್ ನೋಡುವುದನ್ನೇ ನಿಲ್ಲಿಸಿತು. ಸುರಕ್ಷತೆ ದೃಷ್ಟಿಯಿಂದ ಅದು ಸರಿಯಾದ ಬದಲಾವಣೆಯೇ. ಬೇಕಾದ ಫೋಲ್ಡರನ್ನು ಓಎಸ್ ಮಾಡ್ಯೂಲ್‌ನ ಒಂದು ಫಂಕ್ಷನ್ ಮೂಲಕ ಸೇರಿಸುವ ದಾರಿ ಇದೆ. ಆದರೆ ಸುಲಭದ ಪರಿಹಾರ ಲಿಂಕ್ ಮಾಡುವಾಗಲೇ ‘ಸ್ಟ್ಯಾಟಿಕ್’ ಎಂಬ ಆಯ್ಕೆ ಕೊಡುವುದು. ಆಗ ಜಿಸಿಸಿಯ ಸಹಾಯಕ ಕೋಡ್ ಪಿವೈಡಿ ಒಳಗೇ ಸೇರಿಕೊಳ್ಳುತ್ತದೆ. ಫೈಲ್ ಸ್ವಲ್ಪ ದಪ್ಪವಾಗುತ್ತದೆ, ನೆಮ್ಮದಿ ಸಿಗುತ್ತದೆ.

ಒಮ್ಮೆ ಕಟ್ಟಿ, ಹಲವು ಆವೃತ್ತಿಗೆ

ಮಾಮೂಲಿ ವಿಧಾನದಲ್ಲಿ ಪೈಥಾನ್ 3.11ಕ್ಕೆ ಕಟ್ಟಿದ್ದು 3.12ರಲ್ಲಿ ಓಡುವುದಿಲ್ಲ. ಪ್ರತಿ ಆವೃತ್ತಿಗೂ ಮತ್ತೆ ಕಟ್ಟಬೇಕು. ಒಬ್ಬರೇ ಕೂತು ಒಂದು ಪುಟ್ಟ ಪ್ಯಾಕೇಜ್ ನೋಡಿಕೊಳ್ಳುವವರಿಗೆ ಇದು ಕಷ್ಟ. ಇದಕ್ಕೆ ಪೈಥಾನ್ 3.2ರಲ್ಲೇ ‘ಲಿಮಿಟೆಡ್ ಎಪಿಐ’ ಎಂಬ ದಾರಿ ಬಂತು. ಹೆಡರ್ ಸೇರಿಸಿಕೊಳ್ಳುವ ಮುಂಚೆ ‘ನನಗೆ 3.8ರ ಲಿಮಿಟೆಡ್ ಎಪಿಐ ಸಾಕು’ ಎಂದು ಒಂದು ಸಾಲು ಬರೆದರೆ, ಮುಂದಿನ ಆವೃತ್ತಿಗಳಲ್ಲೂ ಉಳಿಯುತ್ತವೆ ಎಂದು ಪೈಥಾನ್ ಮಾತು ಕೊಟ್ಟಿರುವ ಫಂಕ್ಷನ್‌ಗಳು ಮಾತ್ರ ಕಾಣುತ್ತವೆ. ಲಿಂಕ್ ಮಾಡುವುದು 312, 313 ಎಂಬ ಸಂಖ್ಯೆಯ ಡಿಎಲ್‌ಎಲ್ ಜೊತೆಗಲ್ಲ, ಬರೀ ‘ಪೈಥಾನ್3’ ಎಂಬ ಡಿಎಲ್‌ಎಲ್ ಜೊತೆ. ಹಾಗೆ ಕಟ್ಟಿದ ಪಿವೈಡಿ 3.8ರಿಂದ ಮುಂದೆಯೂ ಓಡುತ್ತದೆ.

ಇದಕ್ಕೆ ಸ್ವಲ್ಪ ಬೆಲೆ ಇದೆ. ಸ್ಟ್ರಿಂಗ್ ಒಳಗೆ ನೇರವಾಗಿ ಕೈಹಾಕಿ ಸಂಕೇತ ಓದುವ ವೇಗದ ಮ್ಯಾಕ್ರೋಗಳು ಇದರಲ್ಲಿ ಇಲ್ಲ. ಅವುಗಳ ಬದಲು ಪ್ರತಿ ಸಂಕೇತಕ್ಕೂ ಒಂದು ಫಂಕ್ಷನ್ ಕರೆಯಬೇಕು. ನಮ್ಮ ಅಕ್ಷರ ಎಣಿಕೆಗೆ ಅದರಿಂದ ತುಸು ನಿಧಾನವಾಗುತ್ತದೆ, ಆದರೂ ಪೈಥಾನ್ ಲೂಪ್‌ಗಿಂತ ಎಷ್ಟೋ ಮುಂದೆ. ಸಣ್ಣ ಎಕ್ಸ್‌ಟೆನ್ಷನ್ ಬರೆಯುವವರು ಕಣ್ಣುಮುಚ್ಚಿ ಇದನ್ನೇ ಆರಿಸಿ ಎನ್ನುತ್ತೇನೆ. 3.13ರಲ್ಲಿ ಪ್ರಯೋಗವಾಗಿ ಬಂದ, ಜಿಐಎಲ್ (ಒಂದು ಸಲಕ್ಕೆ ಒಂದೇ ಥ್ರೆಡ್ ಓಡಲು ಬಿಡುವ ಬೀಗ) ಇಲ್ಲದ ಆವೃತ್ತಿಯಲ್ಲಿ ಮಾತ್ರ ಈ ಪಿವೈಡಿ ನಡೆಯುವುದಿಲ್ಲ.

ಜಿಸಿಸಿಗೆ ಜಿಪಿಎಲ್ ಲೈಸೆನ್ಸ್ (ಬದಲಿಸಿ ಹಂಚುವವರೂ ಮುಕ್ತವಾಗಿಯೇ ಕೊಡಬೇಕು ಎನ್ನುವುದು) ಇದೆಯಲ್ಲ, ಅದರಲ್ಲಿ ಕಟ್ಟಿದ ನನ್ನ ಎಕ್ಸ್‌ಟೆನ್ಷನ್ ಕೂಡ ಜಿಪಿಎಲ್ ಆಗಬೇಕಾ ಅಂತ ಹಲವರು ಕೇಳುತ್ತಾರೆ. ಬೇಕಿಲ್ಲ. ಲಿಬ್‌ಜಿಸಿಸಿಯಂಥ ಭಾಗಗಳು ನಿಮ್ಮ ಫೈಲ್ ಒಳಗೆ ಸೇರುತ್ತವೆ ಅನ್ನುವುದು ಗೊತ್ತಿದ್ದೇ ಜಿಸಿಸಿ ಬಳಗ ಅದಕ್ಕೆ ರನ್‌ಟೈಮ್ ಲೈಬ್ರರಿ ವಿನಾಯಿತಿ ಕೊಟ್ಟಿದೆ. ನಿಮ್ಮ ಕೋಡ್ ನಿಮಗೆ ಬೇಕಾದ ಲೈಸೆನ್ಸ್‌ನಲ್ಲಿ ಕೊಡಬಹುದು. ವಿಷುಯಲ್ ಸ್ಟುಡಿಯೋ ಕಮ್ಯುನಿಟಿ ಕೂಡ ವಿದ್ಯಾರ್ಥಿಗಳಿಗೆ, ಒಂಟಿಯಾಗಿ ಕೆಲಸ ಮಾಡುವವರಿಗೆ, ಮುಕ್ತ ಯೋಜನೆಗಳಿಗೆ ದುಡ್ಡಿಲ್ಲದೆ ಸಿಗುತ್ತದೆ. ದೊಡ್ಡ ಸಂಸ್ಥೆಗಳಿಗೆ ಅಲ್ಲಿ ಷರತ್ತುಗಳಿವೆ, ಜಿಸಿಸಿಯಲ್ಲಿ ಅಂಥ ಭೇದ ಇಲ್ಲ.

ಇದು ಬರೀ ಕಲಿಯುವವರ ದಾರಿ ಅಂದುಕೊಳ್ಳಬೇಡಿ. ವಿಜ್ಞಾನದ ಲೆಕ್ಕಾಚಾರಕ್ಕೆ ಜಗತ್ತೇ ಬಳಸುವ ಸೈಪೈ ಲೈಬ್ರರಿ ಬೆಳೆದದ್ದು ಫೋರ್ಟ್ರಾನ್ ಕೋಡ್ ಮೇಲೆ. ಮೈಕ್ರೋಸಾಫ್ಟ್ ಕಂಪೈಲರ್‌ಗೆ ಫೋರ್ಟ್ರಾನ್ ಬರುವುದಿಲ್ಲ. ಹಾಗಾಗಿ ವಿಂಡೋಸ್‌ನಲ್ಲೂ ಅದರ ತಂಡ ಜಿಸಿಸಿ ಕುಟುಂಬದ ಜಿಫೋರ್ಟ್ರಾನ್ ಕಡೆಗೇ ಬಂತು.

ಮೈಕ್ರೋಸಾಫ್ಟ್ ಕಂಪೈಲರ್ ಒಳ್ಳೆಯದು ಎನಿಸುವ ಸಂದರ್ಭಗಳೂ ಇವೆ. ಪೈಥಾನ್ ಒಳಗೂ ನಿಮ್ಮ ಕೋಡ್ ಒಳಗೂ ಒಟ್ಟಿಗೆ ಡೀಬಗ್ ಮಾಡಬೇಕಿದ್ದರೆ ಅದೇ ಸುಲಭ. ಜಿಸಿಸಿ ಬರೆಯುವ ಡೀಬಗ್ ಮಾಹಿತಿ ಮೈಕ್ರೋಸಾಫ್ಟ್ ಶೈಲಿಯದಲ್ಲ, ಜಿಸಿಸಿ ಜೊತೆ ಬಳಸುವ ಡೀಬಗರ್ ಜಿಡಿಬಿಗೆ ಪೈಥಾನ್‌ನ ಪಿಡಿಬಿ (ಮೈಕ್ರೋಸಾಫ್ಟ್ ಶೈಲಿಯ ಡೀಬಗ್ ಮಾಹಿತಿ) ಫೈಲ್ ಜೊತೆ ಒಗ್ಗುವುದಿಲ್ಲ.

ಎಲ್ಲ ಮುಗಿದ ಮೇಲೆ, ಯಾರಿಗಾದರೂ ಪಿವೈಡಿ ಕಳಿಸುವ ಮುಂಚೆ, ಜಿಸಿಸಿ ಜೊತೆ ಬರುವ ಆಬ್ಜ್‌ಡಂಪ್ ಬಳಸಿ ಅದು ಯಾವ ಯಾವ ಡಿಎಲ್‌ಎಲ್ ಕೇಳುತ್ತದೆ ಎಂದು ನೋಡಿ. ಅಕ್ಷರ ಎಣಿಸುವ ನಮ್ಮ ಪಿವೈಡಿಯಲ್ಲಿ ಇರಬೇಕಾದದ್ದು ಪೈಥಾನ್3, ಕರ್ನಲ್32, ಮತ್ತು ‘ಎಪಿಐ-ಎಂಎಸ್-ವಿನ್-ಸಿಆರ್‌ಟಿ’ ಎಂದು ಶುರುವಾಗುವ ಕೆಲವು ಹೆಸರು. ಆ ಕೊನೆಯವೇ ಯುಸಿಆರ್‌ಟಿ. ಅಲ್ಲಿ ಎಂಎಸ್‌ವಿಸಿಆರ್‌ಟಿ ಕಂಡರೆ ನೀವು ಹಳೆಯ ರನ್‌ಟೈಮ್‌ನ ಜಿಸಿಸಿ ಬಳಸಿದ್ದೀರಿ. ಲಿಬ್‌ಜಿಸಿಸಿ ಕಂಡರೆ ಸ್ಟ್ಯಾಟಿಕ್ ಆಯ್ಕೆ ಬಿಟ್ಟುಹೋಗಿದೆ. ಪೈಥಾನ್3 ಬದಲು ಪೈಥಾನ್312 ಕಂಡರೆ ಲಿಂಕರ್‌ಗೆ ಕೊಟ್ಟ ಲೈಬ್ರರಿ ಹೆಸರು ತಿದ್ದಬೇಕು. ಆಮೇಲೆ ಜಿಸಿಸಿಯೇ ಇಲ್ಲದ ಇನ್ನೊಂದು ಕಂಪ್ಯೂಟರ್‌ನಲ್ಲಿ ಇಂಪೋರ್ಟ್ ಮಾಡಿ, ‘ಸ್ತ್ರೀ’ ಕೊಟ್ಟು 1 ಬರುತ್ತದಾ ಅಂತ ನೋಡಿ.